ಸಿಮೆಂಟ್ ಕಾರ್ಖಾನೆಗೆ ಸ್ಲರಿ ಪಂಪ್ ಆರಿಸುವುದು ಹೇಗೆ?

ಪಂಪ್ ಕ್ಯಾಟಲಾಗ್‌ನಲ್ಲಿ ಅಚ್ಚಾಗುವ ದಕ್ಷತೆಯ ಅಂಕಿ ಶುದ್ಧ ನೀರನ್ನು ಎತ್ತಿ ಅಳೆದದ್ದು. ಸಿಮೆಂಟ್ ಕಾರ್ಖಾನೆಯಲ್ಲಿ ಪಂಪ್‌ನೊಳಗೆ ಹರಿಯುವುದು ಅರೆದ ಸುಣ್ಣಕಲ್ಲು, ಜೇಡಿಮಣ್ಣು, ಮರಳು ಬೆರೆತ ಗಟ್ಟಿ ರಾಡಿ, ಅಂದರೆ ಸ್ಲರಿ. ನೀರಿನ ಅಂಕಿ ನಂಬಿ ಕೊಂಡ ಪಂಪ್ ವರ್ಷಗಟ್ಟಲೆ ವಿದ್ಯುತ್ ತಿನ್ನುತ್ತದೆ. ಆದ್ದರಿಂದ ಬೆಲೆಪಟ್ಟಿ ತರಿಸುವ ಮೊದಲು ಸ್ಲರಿಯನ್ನೇ ಅಳೆಯಬೇಕು.

ಅದಕ್ಕೂ ಮುಂಚೆ ಪಂಪ್ ಯಾವ ಕೆಲಸಕ್ಕೆ ಎಂಬುದು ಸ್ಪಷ್ಟವಾಗಲಿ. ಕಲಬುರಗಿ ಜಿಲ್ಲೆಯ ವಾಡಿ, ಸೇಡಂ, ಮಳಖೇಡದ ಕಡೆಯ ಇಂದಿನ ಕಾರ್ಖಾನೆಗಳು ಒಣ ವಿಧಾನದವು. ಅಲ್ಲಿ ಕಚ್ಚಾ ಪುಡಿ ಗೂಡಿಗೆ (ಸುಡುವ ಕುಲುಮೆಗೆ) ಒಣಗಿಯೇ ಹೋಗುತ್ತದೆ. ಸ್ಲರಿ ಪಂಪ್ ಬೇಕಾಗುವುದು ಹೆಚ್ಚಾಗಿ ಮಳೆಗಾಲದಲ್ಲಿ ಗಣಿಯ ಗುಂಡಿಯಿಂದ ಕೆಸರು ನೀರನ್ನು ಎತ್ತಲು. ಹಸಿ ಅಥವಾ ಅರೆಹಸಿ ವಿಧಾನದಲ್ಲಿ ಮಾತ್ರ ಕಚ್ಚಾವಸ್ತುವೇ ಸ್ಲರಿಯಾಗಿ ಸಾಗುತ್ತದೆ. ಇಂಗ್ಲೆಂಡಿನ ರಗ್ಬಿ ಕಾರ್ಖಾನೆಗೆ ಕೆನ್ಸ್‌ವರ್ತ್ ಗಣಿಯ ಸೀಮೆಸುಣ್ಣ ಬರುವುದು 1960ರ ದಶಕದಲ್ಲಿ ಹಾಕಿದ ಸುಮಾರು 92 ಕಿ.ಮೀ. ಕೊಳವೆಯಲ್ಲಿ, ಸ್ಲರಿಯ ರೂಪದಲ್ಲಿ. ಈ ಲೇಖನ ಮುಖ್ಯವಾಗಿ ಅಂಥ ಗಟ್ಟಿ ಸ್ಲರಿಯ ಬಗ್ಗೆ. ಗಣಿ ನೀರಿಗೆ ಎಲ್ಲಿ ಲೆಕ್ಕ ಬೇರೆಯಾಗುತ್ತದೋ ಅಲ್ಲಿ ಹೇಳುತ್ತೇನೆ.

ಮೊದಲು ಸ್ಲರಿಯನ್ನು ತೂಗಿ

ಒಂದು ಲೀಟರ್ ಸ್ಲರಿಯನ್ನು ತೂಗಿ, ಒಣಗಿಸಿ, ಮತ್ತೆ ತೂಗಿ. ಗೂಡಿಗೆ ಹೋಗುವ ಸ್ಲರಿಯಲ್ಲಿ ಸಾಮಾನ್ಯವಾಗಿ ಶೇ 30ರಿಂದ 40ರಷ್ಟು ನೀರಿರುತ್ತದೆ. ಶೇ 35 ಎಂದು ಹಿಡಿಯೋಣ. ಸುಣ್ಣಕಲ್ಲಿನ ಸಾಂದ್ರತೆ ನೀರಿನ 2.7 ಪಟ್ಟು. ಆಗ ಸ್ಲರಿ ನೀರಿಗಿಂತ ಸುಮಾರು 1.69 ಪಟ್ಟು ಭಾರ. ಈ ಒಂದು ಸಂಖ್ಯೆ ಮೋಟಾರಿನ ಗಾತ್ರವನ್ನೇ ಬದಲಿಸುತ್ತದೆ.

ಜೊತೆಗೆ ಬೆಣಚಿನ ಅಂಶವನ್ನು ಪ್ರಯೋಗಾಲಯದಿಂದ ಕೇಳಿ ಪಡೆಯಿರಿ. ಸುಣ್ಣಕಲ್ಲಿನ ಕ್ಯಾಲ್ಸೈಟ್ ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ 3, ಅಂದರೆ ಮೆದು. ಬೆಣಚು 7. ಪಂಪನ್ನು ಹೆಚ್ಚು ತಿನ್ನುವುದು ಮಣ್ಣು, ಮರಳಿನ ಜೊತೆ ಬರುವ ಈ ಬೆಣಚು. ‘ಸುಣ್ಣಕಲ್ಲಿನ ಸ್ಲರಿ’ ಎಂದಷ್ಟೇ ಬರೆದು ಕಳಿಸುವ ಬೇಡಿಕೆಪತ್ರದಿಂದ ಸರಿಯಾದ ಪಂಪ್ ಬರುವುದಿಲ್ಲ.

ಹರಿವು, ಎತ್ತರ, ಶಕ್ತಿ

ಗಂಟೆಗೆ 100 ಘನ ಮೀಟರ್ ಸ್ಲರಿಯನ್ನು ಒಟ್ಟು 30 ಮೀಟರ್ ಹೆಡ್‌ಗೆ (ಎತ್ತರದ ಜೊತೆ ಕೊಳವೆಯ ಘರ್ಷಣೆಯನ್ನೂ ಸೇರಿಸಿದ ಲೆಕ್ಕ) ಎತ್ತಬೇಕು ಎಂದಿಟ್ಟುಕೊಳ್ಳಿ. ಹರಿವು, ಹೆಡ್, ಸಾಂದ್ರತೆ (ಇಲ್ಲಿ 1.69) ಮೂರನ್ನೂ ಗುಣಿಸಿ, 367ರಿಂದಲೂ ದಕ್ಷತೆಯಿಂದಲೂ (ಶೇ 60 ಎಂದರೆ 0.60) ಭಾಗಿಸಿದರೆ ಕಿಲೋವಾಟ್ ಸಿಗುತ್ತದೆ. ಶೇ 60 ದಕ್ಷತೆಯಲ್ಲಿ ಇದು 23 ಕಿಲೋವಾಟ್. ನೀರಾಗಿದ್ದರೆ 13.6 ಸಾಕಾಗುತ್ತಿತ್ತು. ದಕ್ಷತೆ ಶೇ 50ಕ್ಕೆ ಇಳಿದರೆ 27.6 ಬೇಕು. ದಿನವಿಡೀ, ವರ್ಷಕ್ಕೆ 330 ದಿನ ಓಡಿದರೆ ಈ ಅಂತರವೇ 36,000 ಯೂನಿಟ್ ದಾಟುತ್ತದೆ. ಹಾಗಾಗಿ ತಯಾರಕರಿಂದ ನೀರಿನ ದಕ್ಷತೆಯನ್ನಲ್ಲ, ನಿಮ್ಮ ಸ್ಲರಿಗೆ ತಿದ್ದಿದ ಹೆಡ್ ಮತ್ತು ದಕ್ಷತೆಯನ್ನು ಲಿಖಿತವಾಗಿ ಪಡೆಯಿರಿ.

ಇದೇ ಹರಿವು 150 ಮಿ.ಮೀ. ಕೊಳವೆಯಲ್ಲಿ ಸೆಕೆಂಡಿಗೆ ಸುಮಾರು 1.6 ಮೀಟರ್ ವೇಗದಲ್ಲಿ ಹೋಗುತ್ತದೆ, 100 ಮಿ.ಮೀ. ಕೊಳವೆಯಲ್ಲಿ 3.5 ಮೀಟರ್ ವೇಗದಲ್ಲಿ. ನಯವಾಗಿ ಅರೆದ ಗಟ್ಟಿ ಸ್ಲರಿ ದೋಸೆ ಹಿಟ್ಟಿನಂತೆ. ಬೇಗ ತಳ ಸೇರುವುದಿಲ್ಲ, ಆದ್ದರಿಂದ ದೊಡ್ಡ ಕೊಳವೆಯೇ ಲಾಭ. ಗಣಿ ನೀರಿನ ಒರಟು ಮರಳು ಹಾಗಲ್ಲ. ವೇಗ ಕಡಿಮೆಯಾದರೆ ಅದು ಕೊಳವೆಯಲ್ಲೇ ಕೂರುತ್ತದೆ.

ವಿನ್ಯಾಸಕಾರರು ಈ ಲೆಕ್ಕಕ್ಕೆ ಸುರಕ್ಷತೆಗೆಂದು ಶೇ 10 ಸೇರಿಸುತ್ತಾರೆ, ಖರೀದಿ ವಿಭಾಗ ಇನ್ನಷ್ಟು ಸೇರಿಸುತ್ತದೆ, ಮಾರುವವರು ಮೇಲಿನ ಗಾತ್ರವನ್ನು ಕೊಡುತ್ತಾರೆ. ಕೊನೆಗೆ ಅತಿದೊಡ್ಡ ಪಂಪ್ ತನ್ನ ಉತ್ತಮ ದಕ್ಷತೆಯ ಬಿಂದುವಿನಿಂದ ದೂರದಲ್ಲಿ, ವಾಲ್ವ್ ಅರ್ಧ ಮುಚ್ಚಿ ಓಡುತ್ತದೆ. ಈ ಅಭ್ಯಾಸ ನಿಲ್ಲಬೇಕು. ಅನುಮಾನವಿದ್ದರೆ ಬೆಲ್ಟ್ ಪುಲ್ಲಿ ಬದಲಿಸಿ ಪಂಪ್‌ನ ವೇಗ ಹೊಂದಿಸುವ ಅವಕಾಶ ಇಟ್ಟುಕೊಳ್ಳಿ. ಹರಿವು ಏರಿಳಿಯುವಲ್ಲಿ ವೇಗ ನಿಯಂತ್ರಕ ಹಾಕಿಸಿ.

ನಿಧಾನ ತಿರುಗುವುದನ್ನು ಕೊಳ್ಳಿ

ವೇಗ ಹೆಚ್ಚಿದಂತೆ ಸವೆತ ಅದಕ್ಕಿಂತ ಬಹಳ ಬೇಗ ಹೆಚ್ಚುತ್ತದೆ. ಚಿಕ್ಕದಾಗಿ ಜೋರಾಗಿ ತಿರುಗುವ ಪಂಪ್‌ಗಿಂತ ದೊಡ್ಡ ಇಂಪೆಲ್ಲರ್ (ದ್ರವವನ್ನು ತಳ್ಳುವ ತಿರುಗುಚಕ್ರ) ಇರುವ ನಿಧಾನದ ಪಂಪ್ ದುಬಾರಿ, ಆದರೆ ಬಿಡಿಭಾಗಗಳ ಖರ್ಚಿನಲ್ಲಿ ಆ ಅಂತರ ಮರಳಿ ಬರುತ್ತದೆ. ಒರಟು ಕಣಗಳಿದ್ದರೆ ಸುಮಾರು ಶೇ 27 ಕ್ರೋಮಿಯಂ ಇರುವ ಬಿಳಿ ಎರಕ ಕಬ್ಬಿಣದ ಭಾಗಗಳು. ನಯವಾದ ಕಣ, ತಣ್ಣನೆಯ ಸ್ಲರಿಯಾದರೆ ರಬ್ಬರ್ ಒಳಪದರ. ಎಣ್ಣೆ ಬೆರೆತಲ್ಲಿ ಸಹಜ ರಬ್ಬರ್ ಬೇಡ. ನೀರಿನಂಶ ತೀರಾ ಕಡಿಮೆಯಾಗಿ ಸ್ಲರಿ ಸೆಂಟ್ರಿಫ್ಯೂಗಲ್ (ಇಂಪೆಲ್ಲರ್ ತಿರುಗಿಸಿ ತಳ್ಳುವ) ಪಂಪ್‌ಗೆ ಒಗ್ಗದಿದ್ದರೆ ಹೋಸ್ ಪಂಪ್ ಅಥವಾ ಸ್ಕ್ರೂ ಮಾದರಿಯ ಪಂಪ್ ನೋಡಿ.

ಸೀಲ್: ಇಲ್ಲಿ ತಡೆದು ಯೋಚಿಸಿ

ಹೆಚ್ಚಿನವರು ಸೀಲನ್ನು (ತಿರುಗುವ ದಂಡದ ಬಳಿ ಸ್ಲರಿ ಸೋರದಂತೆ ತಡೆಯುವ ಭಾಗ) ಕೊನೆಯ ಸಾಲಿನಲ್ಲಿ ಬರೆದು ಮುಗಿಸುತ್ತಾರೆ. ಹಸಿ ವಿಧಾನದಲ್ಲಿ ಅದು ಇಂಧನದ ಪ್ರಶ್ನೆ. ಗ್ಲ್ಯಾಂಡ್ ಪ್ಯಾಕಿಂಗ್‌ಗೆ (ದಂಡದ ಸುತ್ತ ಒತ್ತಿ ತುಂಬುವ ಹಗ್ಗದಂಥ ಸೀಲ್) ಹಾಯಿಸುವ ಸ್ವಚ್ಛ ನೀರಿನ ಒಂದು ಭಾಗ ಸ್ಲರಿಗೆ ಸೇರುತ್ತದೆ. ಅದನ್ನು ಗೂಡಿನಲ್ಲಿ ಆವಿ ಮಾಡಲೇಬೇಕು. ಒಂದು ಕಿಲೋ ನೀರಿಗೆ, ಅದನ್ನು ಕುದಿಯುವವರೆಗೆ ಕಾಯಿಸುವ ಶಾಖ ಬಿಟ್ಟೂ, ಸುಮಾರು 540 ಕಿಲೋಕ್ಯಾಲರಿ ಬೇಕು. ಸಾಲಿನ ಪಂಪ್‌ಗಳೆಲ್ಲ ಸೇರಿ ಗಂಟೆಗೆ 1,000 ಲೀಟರ್ ನೀರು ಬೆರೆಸಿದರೆ, ಕಿಲೋಗೆ 4,000 ಕಿಲೋಕ್ಯಾಲರಿಯ ಕಲ್ಲಿದ್ದಲು ಗಂಟೆಗೆ 135 ಕಿಲೋ, ದಿನಕ್ಕೆ ಮೂರು ಟನ್‌ಗೂ ಹೆಚ್ಚು ಉರಿಯುತ್ತದೆ. ಪಂಪ್‌ನ ದಕ್ಷತೆಯಲ್ಲಿ ಎರಡು ಅಂಶ ಗಳಿಸಲು ಹೆಣಗುವವರು ಈ ಸೋರಿಕೆಯನ್ನು ಕಾಣದಿರುವುದು ನನಗೆ ನಿಜವಾಗಿಯೂ ಬೇಸರ ತರಿಸುತ್ತದೆ.

ಎಕ್ಸ್‌ಪೆಲ್ಲರ್ ಸೀಲ್‌ಗೆ (ತಿರುಗುವ ಇನ್ನೊಂದು ಚಕ್ರದಿಂದ ಸ್ಲರಿಯನ್ನು ದಂಡದಿಂದ ದೂರ ತಳ್ಳುವ ಸೀಲ್) ಓಡುವಾಗ ಈ ನೀರು ಬೇಡ; ಆದರೆ ಸ್ವಲ್ಪ ಹೆಚ್ಚು ಶಕ್ತಿ ಬೇಕು, ಒಳಬರುವ ಒತ್ತಡ ಕಡಿಮೆಯಿರಬೇಕು. ಸ್ಲರಿಗೆಂದೇ ಮಾಡಿದ ಮೆಕ್ಯಾನಿಕಲ್ ಸೀಲ್ ದುಬಾರಿ, ಒಣಗಿ ಓಡಿದರೆ ಹಾಳಾಗುತ್ತದೆ. ಗೂಡಿಗೆ ಹೋಗುವ ಸಾಲಿನಲ್ಲಿ ಇವೆರಡರಲ್ಲಿ ಒಂದನ್ನೇ ಆರಿಸಿ. ಗಣಿಯ ಗುಂಡಿಯಲ್ಲಿ ನೀರು ಸೇರಿದರೆ ನಷ್ಟವಿಲ್ಲ, ಅಲ್ಲಿ ಗ್ಲ್ಯಾಂಡ್ ಪ್ಯಾಕಿಂಗ್ ಸಾಕು.

ಬೆಲೆ ಹೋಲಿಸುವಾಗ

ಪ್ರತಿ ತಯಾರಕರ ಬೆಲೆಯ ಪಕ್ಕದಲ್ಲಿ ಐದು ವರ್ಷದ ವಿದ್ಯುತ್, ಇಂಪೆಲ್ಲರ್ ಮತ್ತು ಲೈನರ್‌ಗಳ (ಒಳಪದರಗಳ) ಬೆಲೆ, ಅವು ಎಷ್ಟು ಗಂಟೆ ಬಾಳುತ್ತವೆ ಎಂಬ ಭರವಸೆ, ಸೀಲ್ ನೀರಿನ ಖರ್ಚು ಬರೆಯಿರಿ. ಇದೇ ಬಗೆಯ ಸ್ಲರಿಯಲ್ಲಿ ಓಡುತ್ತಿರುವ ಪಂಪ್ ತೋರಿಸಲು ಕೇಳಿ. ಕೂರಿಸಿದ ದಿನವೇ ಹರಿವು, ಒತ್ತಡ, ಆಂಪಿಯರ್ ದಾಖಲಿಸಿ. ಹರಿವು ಕುಗ್ಗಿದಾಗ ವೇಗ ಹೆಚ್ಚಿಸುವ ಮೊದಲು ಇಂಪೆಲ್ಲರ್ ಮತ್ತು ಮುಂದಿನ ಲೈನರ್ ನಡುವಿನ ಅಂತರವನ್ನು ಸರಿಪಡಿಸಿ ನೋಡಿ.