ಸಿಂಗಾಪುರದಲ್ಲಿ ಐದಾರು ಡಾಲರಿಗೆ ಊಟ: ಹೊಸದಾಗಿ ಬಂದ ಕನ್ನಡಿಗರಿಗೆ

ಸಿಂಗಾಪುರಕ್ಕೆ ಬಂದ ಹೊಸತರಲ್ಲಿ ನಮ್ಮವರು ಹೆಚ್ಚಾಗಿ ಮಾಡುವುದು ಒಂದೇ. ವಾರವಿಡೀ ಮನೆಯಲ್ಲಿ ಅನ್ನ ಸಾರು, ಶನಿವಾರ ಬಂತೆಂದರೆ ಲಿಟಲ್ ಇಂಡಿಯಾದ ಏಸಿ ಹೋಟೆಲು. ತಿಂಗಳ ಕೊನೆಗೆ ಲೆಕ್ಕ ನೋಡಿ, ‘ಇಲ್ಲಿ ಹೊರಗೆ ತಿನ್ನೋದು ಭಾರಿ ದುಬಾರಿಯಪ್ಪಾ’ ಅಂತ ತೀರ್ಮಾನ. ಅದು ಪೂರ್ತಿ ನಿಜವಲ್ಲ. ಯಾವ ಬಡಾವಣೆಯಲ್ಲಿ ಮನೆ ಮಾಡಿದರೂ ಸಾಮಾನ್ಯವಾಗಿ ನಡೆದು ಹೋಗುವಷ್ಟು ದೂರದಲ್ಲೇ ಐದಾರು ಡಾಲರಿಗೆ ಹೊಟ್ಟೆ ತುಂಬುವ ಜಾಗ ಇರುತ್ತದೆ, ಸಸ್ಯಾಹಾರಿಗಳಿಗೂ. ಏನನ್ನು, ಹೇಗೆ ಕೇಳಬೇಕು ಎಂಬುದು ಗೊತ್ತಿದ್ದರೆ ಸಾಕು.

ಮೊದಲು ಬಿಲ್ಲಿನ ವಿಷಯ. ಮೆನುವಿನಲ್ಲಿ ಬೆಲೆಯ ಪಕ್ಕ ಎರಡು ಕೂಡುವ ಚಿಹ್ನೆಗಳಿದ್ದರೆ ಶೇ. 10ರಷ್ಟು ಸರ್ವಿಸ್ ಚಾರ್ಜು, ಅದರ ಮೇಲೆ ಶೇ. 9ರಷ್ಟು ಜಿಎಸ್‌ಟಿ ಸೇರುತ್ತದೆ ಎಂದರ್ಥ. ಇಪ್ಪತ್ತು ಡಾಲರಿನ ಊಟ ಇಪ್ಪತ್ನಾಲ್ಕರ ಹತ್ತಿರ ಹೋಗುತ್ತದೆ. ಟಿಪ್ಸ್ ಕೊಡುವ ಪದ್ಧತಿ ಇಲ್ಲಿಲ್ಲ. ಹಾಕರ್ ಸೆಂಟರುಗಳಲ್ಲಿ ಈ ತಲೆನೋವೇ ಇಲ್ಲ, ಬೋರ್ಡಿನ ಮೇಲೆ ಬರೆದಷ್ಟೇ ಬೆಲೆ.

ಹಾಕರ್ ಸೆಂಟರ್ ಎಂದರೆ ಒಂದೇ ಸೂರಿನಡಿ ಹತ್ತಾರು ಸಣ್ಣ ಅಂಗಡಿಗಳು, ನಡುವೆ ಎಲ್ಲರಿಗೂ ಸೇರಿದ ಮೇಜುಗಳು. ಮೊದಲು ಬೀದಿಬದಿಯಲ್ಲಿ ಗಾಡಿ ಇಟ್ಟುಕೊಂಡಿದ್ದವರನ್ನು ಸರ್ಕಾರ 1970ರ ದಶಕದಿಂದ ನೀರು, ಚರಂಡಿ ವ್ಯವಸ್ಥೆ ಇರುವ ಈ ಕಟ್ಟಡಗಳಿಗೆ ಸೇರಿಸಿತು. ಈಗ ನೂರಕ್ಕೂ ಹೆಚ್ಚು ಸೆಂಟರುಗಳಿವೆ. 2020ರ ಡಿಸೆಂಬರಿನಲ್ಲಿ ಯುನೆಸ್ಕೋ ಈ ಹಾಕರ್ ಸಂಸ್ಕೃತಿಯನ್ನು ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಬ್ಯಾಂಕಿನ ಮ್ಯಾನೇಜರ್, ಟ್ಯಾಕ್ಸಿ ಓಡಿಸುವವರು, ಶಾಲೆಯ ಮಕ್ಕಳು ಎಲ್ಲರೂ ಒಂದೇ ಮೇಜಿನಲ್ಲಿ ಕೂತು ತಿನ್ನುತ್ತಾರೆ. ಈ ಊರಿನ ಪರಿಚಯ ಆಗಬೇಕಾದರೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಎಚ್‌ಡಿಬಿ ಬ್ಲಾಕುಗಳ, ಅಂದರೆ ಸರ್ಕಾರ ಕಟ್ಟಿಸಿದ ವಸತಿ ಕಟ್ಟಡಗಳ, ನೆಲಮಹಡಿಯಲ್ಲಿರುವ ಕೋಪಿಟಿಯಮ್ ಕೂಡ ಇದೇ ಬಗೆಯದು, ಗಾತ್ರದಲ್ಲಿ ಚಿಕ್ಕದು.

ಸಸ್ಯಾಹಾರಿಗಳು ಮೊದಲು ಹುಡುಕಬೇಕಾದದ್ದು ಚೀನೀ ವೆಜಿಟೇರಿಯನ್ ಅಂಗಡಿ. ಬಹಳಷ್ಟು ಹಾಕರ್ ಸೆಂಟರುಗಳಲ್ಲಿ ಅಂಥದ್ದೊಂದು ಇರುತ್ತದೆ, ಎಷ್ಟೋ ಅಂಗಡಿಗಳ ಬೋರ್ಡಿನ ಮೇಲೆ ಬೌದ್ಧರ ಸ್ವಸ್ತಿಕವೂ ಇರುತ್ತದೆ. ಬೆಳಿಗ್ಗೆ ಅಲ್ಲಿ ಬೀ ಹೂನ್ ಕೇಳಿ: ಅಕ್ಕಿ ಶಾವಿಗೆ, ಬೇಯಿಸಿದ ಎಲೆಕೋಸು, ಕರಿದ ಸೋಯಾ ಹಾಳೆ. ಮೂರರಿಂದ ಐದು ಡಾಲರ್. ಮಧ್ಯಾಹ್ನ ಗಾಜಿನ ಹಿಂದೆ ಸಾಲಾಗಿಟ್ಟ ಪಲ್ಯಗಳಲ್ಲಿ ಎರಡೋ ಮೂರೋ ಬೆರಳು ಮಾಡಿ ತೋರಿಸಿದರೆ ಅನ್ನದ ಮೇಲೆ ಹಾಕಿಕೊಡುತ್ತಾರೆ. ಮಾಂಸದಂತೆ ಕಾಣುವುದೆಲ್ಲ ಸೋಯಾ ಅಥವಾ ಗೋಧಿಯ ಅಂಟಿನಿಂದ ಮಾಡಿದ್ದು, ಹೆದರಬೇಡಿ. ಬೌದ್ಧ ಪದ್ಧತಿಯಂತೆ ಅಡುಗೆ ಮಾಡುವ ಕಡೆ ಈರುಳ್ಳಿ ಬೆಳ್ಳುಳ್ಳಿಯನ್ನೂ ಬಳಸುವುದಿಲ್ಲ. ಅವೆರಡನ್ನೂ ತಿನ್ನದ ನಮ್ಮ ಮನೆಗಳ ಹಿರಿಯರಿಗೆ ಇದೊಂದು ದೊಡ್ಡ ಅನುಕೂಲ. ಮೊಟ್ಟೆ ಮಾತ್ರ ಕೆಲವು ಕಡೆ ಇರುತ್ತದೆ, ಕೇಳಿ ತೆಗೆದುಕೊಳ್ಳಿ. ಚೀನೀ ಪಂಚಾಂಗದ ತಿಂಗಳ ಮೊದಲ ದಿನ ಮತ್ತು ಹದಿನೈದನೆಯ ದಿನ, ಅಂದರೆ ನಮ್ಮ ಅಮಾವಾಸ್ಯೆ ಹುಣ್ಣಿಮೆಯ ಆಸುಪಾಸು, ಅನೇಕ ಚೀನೀಯರು ಮಾಂಸ ಬಿಡುತ್ತಾರೆ. ಆ ದಿನ ಈ ಅಂಗಡಿಗಳ ಮುಂದೆ ಉದ್ದ ಸಾಲು, ಸ್ವಲ್ಪ ಬೇಗ ಹೋಗಿ.

ಬೇರೆ ಅಂಗಡಿಗಳಲ್ಲಿ ಬರೀ ‘ವೆಜಿಟೇರಿಯನ್’ ಎಂದರೆ ಸಾಲದು. ‘ನೋ ಮೀಟ್, ನೋ ಎಗ್, ನೋ ಫಿಶ್, ನೋ ಪ್ರಾನ್’ ಎಂದು ಬಿಡಿಸಿ ಹೇಳಬೇಕು. ಸಾಂಬಾಲ್ ಚಟ್ನಿಯಲ್ಲಿ ಸಾಮಾನ್ಯವಾಗಿ ಬೆಲಚಾನ್ ಎಂಬ ಸಿಗಡಿಯ ಗಟ್ಟಿ ಇರುತ್ತದೆ. ಸೊಪ್ಪಿನ ಪಲ್ಯಕ್ಕೂ ಆಯ್ಸ್ಟರ್ ಸಾಸ್ ಹಾಕುತ್ತಾರೆ. ಕ್ಯಾರೆಟ್ ಕೇಕ್ ಎಂದು ಬರೆದಿರುವುದು ಸಿಹಿಯಲ್ಲ, ಮೂಲಂಗಿ ಮತ್ತು ಅಕ್ಕಿ ಹಿಟ್ಟಿನ ತುಂಡುಗಳನ್ನು ಮೊಟ್ಟೆ ಹಾಕಿ ಹುರಿದದ್ದು. ಟೋಸ್ಟಿಗೆ ಹಚ್ಚುವ ಕಾಯಾದಲ್ಲೂ ಮೊಟ್ಟೆ ಇದೆ.

ಪ್ರಾಟಾ ಅಂಗಡಿ ಮತ್ತೊಂದು ಆಸರೆ. ತಮಿಳು ಮುಸ್ಲಿಮರು ನಡೆಸುವ ಈ ಅಂಗಡಿಗಳಲ್ಲಿ ಕೆಲವು ತಡರಾತ್ರಿವರೆಗೂ, ಇನ್ನು ಕೆಲವು ಇಡೀ ರಾತ್ರಿ ತೆರೆದಿರುತ್ತವೆ. ಪ್ಲೇನ್ ಪ್ರಾಟಾ ಎಂದರೆ ನಮ್ಮ ಪರೋಟವೇ. ಸುಮ್ಮನೆ ಕೇಳಿದರೆ ಜೊತೆಗೆ ಮೀನಿನ ಸಾರು ಬರಬಹುದು, ‘ದಾಲ್’ ಎಂದು ಮೊದಲೇ ಹೇಳಿ. ದೋಸೆಯನ್ನು ಇಲ್ಲಿ ‘ತೋಸೈ’ ಎನ್ನುತ್ತಾರೆ.

ಕಾಫಿ ಕುಡಿಯದೆ ನಮಗೆ ಬೆಳಗಾಗುವುದಿಲ್ಲವಲ್ಲ, ಅದನ್ನೂ ಹೇಳಿಬಿಡುತ್ತೇನೆ. ‘ಕೋಪಿ’ ಎಂದರೆ ಸಿಹಿ ಕಂಡೆನ್ಸ್ಡ್ ಹಾಲು ಹಾಕಿದ್ದು. ‘ಕೋಪಿ ಓ’ ಹಾಲಿಲ್ಲದ್ದು, ಸಕ್ಕರೆ ಇರುತ್ತದೆ. ‘ಕೋಪಿ ಸಿ’ಗೆ ಗಟ್ಟಿ ಇವಾಪರೇಟೆಡ್ ಹಾಲು, ಸಕ್ಕರೆ. ಹಿಂದೆ ‘ಸಿಯು ದಾಯ್’ ಸೇರಿಸಿದರೆ ಸಕ್ಕರೆ ಕಡಿಮೆ, ‘ಕೊಸೊಂಗ್’ ಎಂದರೆ ಸಕ್ಕರೆಯೇ ಇಲ್ಲ. ಫಿಲ್ಟರ್ ಕಾಫಿಗೆ ಹತ್ತಿರ ಬರುವುದು ‘ಕೋಪಿ ಸಿ ಸಿಯು ದಾಯ್’ ಎಂದು ನನ್ನ ಅನಿಸಿಕೆ. ಶುಂಠಿ ಚಹಾ ಬೇಕೆಂದರೆ ‘ತೇ ಹಲಿಯಾ’.

ಹಾಗಂತ ಲಿಟಲ್ ಇಂಡಿಯಾ ಬಿಡಿ ಎನ್ನುತ್ತಿಲ್ಲ. ಎಂಆರ್‌ಟಿ (ಇಲ್ಲಿಯ ಮೆಟ್ರೋ) ನಿಲ್ದಾಣದಿಂದ ಹೊರಬಂದರೆ ಎದುರಿಗೇ ಟೆಕ್ಕಾ ಸೆಂಟರ್. ಕೆಳಗೆ ತರಕಾರಿ ಮಾರುಕಟ್ಟೆ ಮತ್ತು ಹಾಕರ್ ಅಂಗಡಿಗಳು ಒಟ್ಟಿಗೇ ಇವೆ. ಕರಿಬೇವು, ನುಗ್ಗೆಕಾಯಿ, ಬಾಳೆಎಲೆ ಕೊಂಡು, ಅಲ್ಲೇ ವಡೆ ತಿಂದು ಬರಬಹುದು. ಸೆರಂಗೂನ್ ರಸ್ತೆಯ ಕೋಮಲ ವಿಲಾಸ್ 1947ರಿಂದ ಇದೆ. ಆನಂದ ಭವನ ಅದಕ್ಕಿಂತ ಹಳೆಯದು, 1924ರದ್ದು. ಬೆಂಗಳೂರಿನ ಎಂಟಿಆರ್ ಶುರುವಾದದ್ದೂ ಅದೇ ವರ್ಷ. ಆ ಎಂಟಿಆರ್ 2013ರಲ್ಲಿ ಸೆರಂಗೂನ್ ರಸ್ತೆಗೇ ಬಂತು. ಶ್ರೀನಿವಾಸ ಪೆರುಮಾಳ್ ದೇವಸ್ಥಾನದ ದರ್ಶನ ಮುಗಿಸಿ ನಡೆದೇ ಹೋಗಬಹುದು. ಹಾಕರ್ ಬೆಲೆ ಅಲ್ಲಿ ನಿರೀಕ್ಷಿಸಬೇಡಿ. ಆದರೂ ಊರಿನ ನೆನಪು ಬಹಳ ಕಾಡಿದ ದಿನ ಅಲ್ಲಿನ ರವೆ ಇಡ್ಲಿ, ಬಿಸಿಬೇಳೆ ಬಾತ್ ಕೊಡುವ ಸಮಾಧಾನಕ್ಕೆ ಆ ದುಡ್ಡು ಹೆಚ್ಚಲ್ಲ. ಭಾನುವಾರ ಸಂಜೆ ಮಾತ್ರ ಈ ಕಡೆ ಬರಬೇಡಿ. ವಾರವಿಡೀ ದುಡಿದ ಕಟ್ಟಡ ಕಾರ್ಮಿಕರಿಗೆ ಸ್ನೇಹಿತರನ್ನು ಕಾಣಲು ಸಿಗುವ ಒಂದೇ ಸಂಜೆ ಅದು. ಅವರಿಗಾಗಿ ಜಾಗ ಬಿಟ್ಟು, ನಾವು ಶನಿವಾರ ಬೆಳಿಗ್ಗೆಯೇ ಹೋದರಾಯಿತು.

ನಡವಳಿಕೆಯ ಬಗ್ಗೆ ಎರಡು ಮಾತು. ಖಾಲಿ ಮೇಜಿನ ಮೇಲೆ ಟಿಶ್ಯೂ ಪೊಟ್ಟಣ ಇದ್ದರೆ ಅದು ಯಾರೋ ಹಿಡಿದಿಟ್ಟ ಜಾಗ, ಕೂರಬೇಡಿ. ಇದಕ್ಕೆ ‘ಚೋಪ್’ ಎನ್ನುತ್ತಾರೆ. ತಿಂದ ಮೇಲೆ ತಟ್ಟೆ, ಟ್ರೇ ನೀವೇ ಎತ್ತಿ ಸ್ಟ್ಯಾಂಡಿಗೆ ಇಡಬೇಕು. 2021ರ ಸೆಪ್ಟೆಂಬರಿನಿಂದ ಇದು ಕಟ್ಟುನಿಟ್ಟಾಗಿದೆ: ಮೊದಲ ಸಲ ಲಿಖಿತ ಎಚ್ಚರಿಕೆ, ಮತ್ತೆ ಸಿಕ್ಕಿಬಿದ್ದರೆ 300 ಡಾಲರ್ ದಂಡ. ಹಲಾಲ್ ಟ್ರೇಗಳಿಗೆ ಬೇರೆ ಸ್ಟ್ಯಾಂಡ್ ಇರುತ್ತದೆ, ನೋಡಿ ಇಡಿ. ನಮ್ಮ ಮಡಿಯನ್ನು ಇತರರು ಗೌರವಿಸಲಿ ಎಂದು ಬಯಸುವ ನಾವು ಅವರದನ್ನೂ ಕಾಯಬೇಕು. ಅಂಗಡಿಯವರನ್ನು ವಯಸ್ಸು ನೋಡಿ ಅಂಕಲ್, ಆಂಟಿ ಎಂದೇ ಕರೆಯಿರಿ, ಇಲ್ಲಿಯ ರೂಢಿಯೇ ಅದು. ನಾಲ್ಕು ಸಲ ಅದೇ ಅಂಗಡಿಗೆ ಹೋದರೆ ನಿಮಗೆ ಮೊಟ್ಟೆ ಬೇಡವೆಂಬುದು ಅವರಿಗೇ ನೆನಪಿರುತ್ತದೆ.

ಕಟ್ಟಿಸಿಕೊಂಡು ಹೋಗುವುದಾದರೆ ‘ದಾಬಾವ್’ ಎನ್ನಿ. ಡಬ್ಬಕ್ಕೆ ಇಪ್ಪತ್ತು ಮೂವತ್ತು ಸೆಂಟ್ ಹೆಚ್ಚಾಗಬಹುದು, ಮನೆಯಿಂದಲೇ ಸ್ಟೀಲ್ ಡಬ್ಬಿ ಒಯ್ಯುವುದು ಒಳ್ಳೆಯದು. ಎಷ್ಟೋ ಅಂಗಡಿಗಳು ಮಧ್ಯಾಹ್ನ ಎರಡಕ್ಕೇ ಮುಚ್ಚುತ್ತವೆ, ಸೋಮವಾರ ರಜೆ ಮಾಡುವವರೂ ಬಹಳ. ವರ್ಷದಲ್ಲಿ ಕೆಲವು ದಿನ ಇಡೀ ಸೆಂಟರನ್ನೇ ತೊಳೆಯಲು ಮುಚ್ಚುತ್ತಾರೆ. ಊರಿನಿಂದ ಬಂದ ಅಪ್ಪ ಅಮ್ಮನನ್ನು ಕರೆದುಕೊಂಡು ಹೊರಡುವ ಮುನ್ನ ಆ ದಿನ ತೆರೆದಿದೆಯೇ ಎಂದು ನೋಡಿಕೊಳ್ಳಿ.