ಗ್ಯಾಸ್ ಸೆನ್ಸರ್ ಮಂಕಾಗಲು ಕಾರಣ ಪೆಟ್ಟಿಗೆಯ ಅಂಟು

ಟಿನ್ ಆಕ್ಸೈಡ್ ನ್ಯಾನೊಕಣಗಳ ಪದರವಿರುವ ನನ್ನ ಸೆನ್ಸರ್, ಎಥನಾಲ್ ಆವಿಗೆ ದಿನೇ ದಿನೇ ಮಂಕಾಗುತ್ತಿತ್ತು. ಪದರವನ್ನು ಕಾಯಿಸುವ ಹೀಟರ್ ಸುಮಾರು 300 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸರಿಯಾಗೇ ಇತ್ತು. ಒಣ ಗಾಳಿ ಹಾಯಿಸಿದರೂ ಅದೇ ಕಥೆ.

ಕೊನೆಗೆ ಅನುಮಾನ ಬಂದಿದ್ದು ಸೆನ್ಸರ್ ಇಟ್ಟಿದ್ದ ಪೆಟ್ಟಿಗೆಯ ಸಂದಿಗೆ ಹಚ್ಚಿದ್ದ ಸಿಲಿಕೋನ್ ಅಂಟಿನ ಮೇಲೆ. ಅದರಿಂದ ಏಳುವ ಸಿಲೋಕ್ಸೇನ್ (ಸಿಲಿಕಾನ್ ಇರುವ ಸಂಯುಕ್ತ) ಆವಿ ಬಿಸಿ ಪದರದ ಮೇಲೆ ಸಿಲಿಕಾ, ಅಂದರೆ ಮರಳಿನಲ್ಲಿರುವ ವಸ್ತು, ಆಗಿ ಕೂರುತ್ತದೆ. ಈ ಸೆನ್ಸರ್ ಕೆಲಸ ಮಾಡುವುದೇ ಮೇಲ್ಮೈಯಲ್ಲಿ, ಅಲ್ವಾ? ಗಾಳಿಯ ಆಮ್ಲಜನಕ ಅಲ್ಲಿ ಅಂಟಿಕೊಂಡು ಎಲೆಕ್ಟ್ರಾನ್‌ಗಳನ್ನು ಹಿಡಿದಿಡುತ್ತದೆ. ಎಥನಾಲ್ ಆ ಆಮ್ಲಜನಕದ ಜೊತೆ ವರ್ತಿಸಿದಾಗ ಎಲೆಕ್ಟ್ರಾನ್‌ಗಳು ಪದರಕ್ಕೆ ಮರಳಿ ಅದರ ವಿದ್ಯುತ್ ರೋಧ ಇಳಿಯುತ್ತದೆ. ಸಿಲಿಕಾ ಮುಚ್ಚಿದರೆ ಇದಕ್ಕೆಲ್ಲ ಜಾಗವೇ ಇಲ್ಲ. ಜಾಸ್ತಿ ಕಾಯಿಸಿದರೂ ಅದು ಹೋಗಲಿಲ್ಲ.

ಪೆಟ್ಟಿಗೆಯನ್ನೇ ಬದಲಿಸಿ ಟೆಫ್ಲಾನ್ ಗ್ಯಾಸ್ಕೆಟ್ ಹಾಕಿದೆ. ಸಿಲಿಕೋನ್ ಕೊಳವೆಯನ್ನೂ ತೆಗೆದು ಟೆಫ್ಲಾನ್‌ನದು ಜೋಡಿಸಿದೆ. ಹಳೇ ಪದರ ಕಸಕ್ಕೆ ಹೋಯಿತು. ಹೊಸದು ಈಗ ಎಥನಾಲ್‌ಗೆ ಮಂಕಾಗುತ್ತಿಲ್ಲ.