ಬೆಳಗಾವಿಗೆ ಬಂದ ಕೆಂಪು ಗಿಟಾರ್

ಗಿಟಾರ್ ಮನೆಗೆ ಬಂದ ದಿನ ಅವ್ವ ಬೆಲೆ ಕೇಳಿದಳು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಷ್ಟು ರೊಕ್ಕಕ್ಕ ಒಂದ್ ಛಲೋ ಎಮ್ಮಿ ಬರ್ತಿತ್ತಲ್ಲೋ" ಅಂದಳು. ಅವಳ ಲೆಕ್ಕ ತಪ್ಪಲ್ಲ. 92 ಸಾವಿರ ಕೊಟ್ಟಿದ್ದೆ. ಅದೂ ಅಸಲಿಗಲ್ಲ, ನಕಲಿಗೆ.

ಅಸಲಿ ಗಿಟಾರಿಗೆ ಆದ ಖರ್ಚು ಸುಮಾರು 8 ಪೌಂಡ್ ಅಂತೆ. ಬ್ರಿಟನ್ನಿನ ಕ್ವೀನ್ ರಾಕ್ ಬ್ಯಾಂಡಿನ ಗಿಟಾರ್ ವಾದಕ ಬ್ರಯಾನ್ ಮೇ ಹದಿನಾರರ ವಯಸ್ಸಿನಲ್ಲಿ, 1963ರಲ್ಲಿ, ಅಪ್ಪ ಹೆರಾಲ್ಡ್ ಜೊತೆ ಸೇರಿ ಮನೆಯಲ್ಲೇ ಮಾಡಲು ಶುರು ಮಾಡಿದ ಗಿಟಾರ್ ಅದು. ಹೆಸರು ರೆಡ್ ಸ್ಪೆಷಲ್. ಅಂಗಡಿಯ ಗಿಟಾರ್ ಕೊಳ್ಳಲು ದುಡ್ಡಿರಲಿಲ್ಲ. ಅಪ್ಪ ಎಲೆಕ್ಟ್ರಾನಿಕ್ಸ್ ಇಂಜಿನಿಯರ್, ಕೈಕೆಲಸ ಬಲ್ಲವರು. ಮುಗಿಯಲು ಎರಡು ವರ್ಷ ಹಿಡಿಯಿತು. ನೆಕ್, ಅಂದರೆ ತಂತಿ ಒತ್ತುವ ಉದ್ದನೆಯ ಕುತ್ತಿಗೆ, ಆದದ್ದು ಹಳೇ ಬೆಂಕಿಗೂಡಿನ ಮೇಲಿದ್ದ ಮಹೋಗನಿ ಹಲಗೆಯಿಂದ. ಅದರಲ್ಲಿ ಹುಳ ಕೊರೆದ ತೂತುಗಳಿದ್ದವು, ಬೆಂಕಿಕಡ್ಡಿ ತುರುಕಿ ಮುಚ್ಚಿದರು. ಗಿಟಾರಿನ ಮೈಗೆ (ಬಾಡಿ) ಹಳೇ ಓಕ್ ಮೇಜಿನ ತುಂಡು. ನೆಕ್ ಮೇಲಿನ ಬಿಳಿ ಚುಕ್ಕೆಗಳು ಅಮ್ಮನ ಹೊಲಿಗೆ ಡಬ್ಬಿಯಲ್ಲಿದ್ದ ಮುತ್ತಿನ ಚಿಪ್ಪಿನ ಗುಂಡಿಗಳು. ಟ್ರೆಮೊಲೊ ಅಂದರೆ ಒತ್ತಿ, ಎತ್ತಿ ಶ್ರುತಿ ಏರಿಳಿಸುವ ಸಾಧನ. ಅದರ ಹಿಡಿಕೆ ಸೈಕಲ್ಲಿನ ಬ್ಯಾಗ್ ಹಿಡಿಯುವ ಕಂಬಿ, ಅದರ ತುದಿಗೆ ಅಮ್ಮನ ಹೆಣಿಗೆ ಸೂಜಿಯ ತುಂಡು. ಒಳಗಿನ ಸ್ಪ್ರಿಂಗ್ 1928ರ ಪ್ಯಾಂಥರ್ ಮೋಟಾರ್‌ಸೈಕಲ್ಲಿನ ವಾಲ್ವ್ ಸ್ಪ್ರಿಂಗ್. ನಮ್ಮಲ್ಲಾದರೆ ಬುಲೆಟ್ಟಿನದು ಹಾಕಬಹುದಿತ್ತು. ಹಳೇ ರಾಜದೂತ್, ಹಳೇ ಯೆಜ್ಡಿ ನಡೆಯೋದಿಲ್ಲ, ಅವು ಟೂ-ಸ್ಟ್ರೋಕ್, ವಾಲ್ವೇ ಇಲ್ಲ!

ನಾನು ಕಾಲೇಜೊಂದರ ಫಿಸಿಕ್ಸ್ ಲ್ಯಾಬಿನಲ್ಲಿ ಕೆಲಸ ಮಾಡುವವನು. ಬ್ರಯಾನ್ ಮೇ ಮುಂದೆ 2007ರಲ್ಲಿ ಖಗೋಳ ಭೌತಶಾಸ್ತ್ರದಲ್ಲಿ ಪಿಎಚ್‌ಡಿ ಮುಗಿಸಿದ ಮನುಷ್ಯ. ಹಾಗಾಗಿ ನನಗೆ ಆತನ ಮೇಲೆ ಪ್ರೀತಿ ಸ್ವಲ್ಪ ಜಾಸ್ತಿಯೇ. ಇನ್ನೊಂದು ಕಾರಣವೂ ಇದೆ. ಕ್ವೀನ್ ಗಾಯಕ ಫ್ರೆಡ್ಡಿ ಮರ್ಕ್ಯುರಿ ಶಾಲೆ ಓದಿದ್ದು ಪಂಚಗಣಿಯಲ್ಲಿ. ಬೆಳಗಾವಿಯಿಂದ ಪುಣೆಗೆ ಹೋಗುವಾಗ ಸಾತಾರಾ ದಾಟಿದ ಮೇಲೆ ಒಳಗೆ ತಿರುಗಿದರೆ ಸಿಗುವ ಊರು. ಪ್ರತಿ ಸಲ ಆ ಬೋರ್ಡ್ ಕಂಡಾಗ ಪಕ್ಕದ ಸೀಟಿನವರಿಗೆ ಇದನ್ನು ಹೇಳುತ್ತೇನೆ. ಕೇಳಿ ಕೇಳಿ ಎಲ್ಲರಿಗೂ ಸಾಕಾಗಿದೆ.

ಕಾರ್ಖಾನೆಯಲ್ಲಿ ಮಾಡಿದ ರೆಡ್ ಸ್ಪೆಷಲ್ ಸಿಗುತ್ತದೆ. ಬ್ರಯಾನ್ ಮೇ ಅವರದ್ದೇ ಕಂಪನಿ ಮಾರುತ್ತದೆ. ಆದರೆ ಅದರ ಟ್ರೆಮೊಲೊ ಮೂಲದ್ದಲ್ಲ, ಬೇರೆ ಬಗೆಯದು. ನನಗೆ ಬೇಕಿದ್ದದ್ದೇ ಆ ಮೂಲದ ಟ್ರೆಮೊಲೊ. ಆಸ್ಟ್ರೇಲಿಯಾದ ಗ್ರೆಗ್ ಫ್ರೈಯರ್ ಅಸಲಿ ಗಿಟಾರನ್ನೇ ಅಳತೆ ಮಾಡಿ 1990ರ ದಶಕದಲ್ಲಿ ಮೂರು ನಕಲು ಮಾಡಿದ್ದರು. ಆ ಮಟ್ಟದ ಕೈಕೆಲಸ ನನ್ನ ಜೇಬಿಗೆ ನಿಲುಕುವುದಲ್ಲ. ಆಗ ಗೋವಾದ ಒಂದು ಹಳ್ಳಿಯಲ್ಲಿ ಕೈಯಿಂದ ಗಿಟಾರ್ ಮಾಡುವವರೊಬ್ಬರು ಇದ್ದಾರೆ ಎಂದು ಗೊತ್ತಾಯಿತು. ಅಕ್ಟೋಬರ್‌ನ ಒಂದು ಭಾನುವಾರ ಜಾಂಬೋಟಿ, ಕಣಕುಂಬಿ ಹಾದು ಚೋರ್ಲಾ ಘಾಟ್ ಇಳಿದೆ.

ನನ್ನ ಆಸೆ ಒಂದಿತ್ತು. ಬೈಲಹೊಂಗಲದ ಹತ್ತಿರ ನಮ್ಮ ಹಳೇ ಮನೆ ಕೆಡವಿದಾಗ ತೆಗೆದಿಟ್ಟ ಸಾಗವಾನಿ ಚೌಕಟ್ಟು ಇತ್ತು. ಅದರಿಂದ ನೆಕ್ ಮಾಡಿಸಬೇಕು ಅಂತ ಕಾರಿನಲ್ಲೇ ಹಾಕಿಕೊಂಡು ಹೋಗಿದ್ದೆ. ಅವರು ಚೌಕಟ್ಟನ್ನು ಒಮ್ಮೆ ತಿರುಗಿಸಿ ನೋಡಿದರು. "ಇದರಲ್ಲಿ ಎಷ್ಟು ಮೊಳೆ ಇವೆ ಅಂತ ನಿಮಗೆ ಗೊತ್ತಾ? ನನ್ನ ಮಷಿನ್ ಬ್ಲೇಡ್ ಹೋದರೆ ಯಾರು ಕೊಡ್ತಾರೆ?" ಅಂದರು. ಚೌಕಟ್ಟು ಅದೇ ಕಾರಿನಲ್ಲಿ ಘಾಟ್ ಹತ್ತಿ ವಾಪಸ್ ಬಂತು. ನೆಕ್ ಮತ್ತು ಬಾಡಿ ಎರಡಕ್ಕೂ ಅವರ ಬಳಿ ಒಣಗಿಸಿಟ್ಟಿದ್ದ ಮಹೋಗನಿ ಅಂತ ಮಾತಾಯಿತು. ಅರ್ಧ ದುಡ್ಡು ಮುಂಗಡ, ಐದು ತಿಂಗಳ ವಾಯಿದೆ.

ಐದು ಏಳಾಯಿತು. ಮೇ ಕೊನೆಗೆ ಗಿಟಾರ್ ಕೈಗೆ ಬಂತು. ಮೇ ಗಿಟಾರ್ ಮೇ ತಿಂಗಳಲ್ಲೇ ಬಂತಲ್ಲ ಅಂತ ಸಮಾಧಾನ ಮಾಡಿಕೊಂಡೆ.

ನೋಡಲು ಏನೂ ಹೇಳುವ ಹಾಗಿರಲಿಲ್ಲ. ಬಣ್ಣ ಅದೇ ಕಂದುಗೆಂಪು, ಕೆಳಗೆ ಮರದ ಗೆರೆ ಕಾಣುತ್ತಿತ್ತು. ಚುಕ್ಕೆಗಳೂ ಸರಿ. 7 ಮತ್ತು 19ನೇ ಫ್ರೆಟ್‌ನಲ್ಲಿ (ನೆಕ್ಕಿಗೆ ಅಡ್ಡ ಇರುವ ಲೋಹದ ಪಟ್ಟಿ) ಎರಡೆರಡು, 12 ಮತ್ತು 24ರಲ್ಲಿ ಮೂರು ಮೂರು. ಸ್ಕೇಲ್, ಅಂದರೆ ನುಡಿಯುವ ತಂತಿಯ ಉದ್ದ, ಅಳೆದೆ, 24 ಇಂಚು. ಸಾಮಾನ್ಯವಾಗಿ ಸಿಗುವ ಸ್ಟ್ರಾಟೊಕಾಸ್ಟರ್ ಮಾದರಿಯದು 25.5 ಇಂಚು ಇರುತ್ತದೆ. ಇದು ಗಿಡ್ಡ. ಹಾಗಾಗಿ ತಂತಿ ಸಡಿಲ, ಬೆರಳಿಗೆ ಮೆತ್ತಗೆ. ನೆಕ್ ಮಾತ್ರ ಸುತ್ತಿಗೆ ಹಿಡಿಯಷ್ಟು ದಪ್ಪ. ಮೂಲದ್ದೂ ಹಾಗೇ ಇದೆ.

ಆಂಪ್ಲಿಫೈಯರ್‌ಗೆ ಚುಚ್ಚಿದೆ. ದನಿ ಬಂತು, ಆದರೆ ಆ ದನಿಯಲ್ಲ. ತೆಳ್ಳಗೆ, ಚುರುಕಾಗಿ, ಎಲ್ಲೋ ಕೇಳಿದ ಬೇರೆ ಗಿಟಾರಿನ ಹಾಗೆ.

ಇಲ್ಲಿ ಸ್ವಲ್ಪ ವಿವರಕ್ಕೆ ಹೋಗುತ್ತೇನೆ. ಕೊಳ್ಳುವವರು ಮೋಸ ಹೋಗುವುದು ಇಲ್ಲೇ. ರೆಡ್ ಸ್ಪೆಷಲ್‌ನಲ್ಲಿ ಬರ್ನ್ಸ್ ಟ್ರೈ-ಸಾನಿಕ್ ಎಂಬ ಮೂರು ಪಿಕಪ್ ಇವೆ, ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಸುರುಳಿಗಳು. ಒಂದೊಂದಕ್ಕೂ ಎರಡು ಸ್ವಿಚ್. ಒಂದು ಆನ್-ಆಫ್, ಇನ್ನೊಂದು ಫೇಸ್ (ಅಲೆಯ ದಿಕ್ಕು) ತಿರುಗಿಸಲು. ಒಟ್ಟು ಆರು ಸ್ವಿಚ್. ನನ್ನ ಗಿಟಾರಿನಲ್ಲೂ ಆರು ಇದ್ದವು, ಸಾಲಾಗಿ, ಚೆಂದವಾಗಿ. ಆದರೆ ಮೂಲದಲ್ಲಿ ಪಿಕಪ್‌ಗಳು ಸೀರೀಸ್‌ನಲ್ಲಿವೆ. ಹಳೇ ಕಾಲದ ಗಣಪತಿ ಮಂಟಪದ ದೀಪದ ಸರದ ಹಾಗೆ ಒಂದರ ಬಾಲಕ್ಕೆ ಇನ್ನೊಂದರ ತಲೆ. ಎರಡು ಆನ್ ಮಾಡಿದರೆ ದನಿ ದಪ್ಪವಾಗುತ್ತದೆ, ಜೋರಾಗುತ್ತದೆ. ಬೇರೆ ಹೆಚ್ಚಿನ ಗಿಟಾರ್‌ಗಳಲ್ಲಿ ಪ್ಯಾರಲಲ್ ಇರುತ್ತದೆ, ತಲೆಗೆ ತಲೆ, ಬಾಲಕ್ಕೆ ಬಾಲ. ಎರಡು ಆನ್ ಮಾಡಿದರೆ ದನಿ ತೆಳುವಾಗಿ ಹೊಳೆಯುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಫೋಟೋದಲ್ಲಿ ಗೊತ್ತೇ ಆಗೋದಿಲ್ಲ.

ಬಿಚ್ಚದೆ ತಿಳಿಯುವ ದಾರಿ ಇದೆ. ಗಿಟಾರಿಗೆ ಕೇಬಲ್ ಚುಚ್ಚಿ, ವಾಲ್ಯೂಮ್ ಪೂರ್ತಿ ತಿರುಗಿಸಿ, ಕೇಬಲ್ಲಿನ ಇನ್ನೊಂದು ತುದಿಗೆ ಮಲ್ಟಿಮೀಟರ್ ಹಿಡಿಯಿರಿ. ನನ್ನ ಪಿಕಪ್ ಒಂದೊಂದೇ ಆನ್ ಮಾಡಿದಾಗ 7 ಕಿಲೋ ಓಮ್ ಹತ್ತಿರ ತೋರಿಸಿತು. ಸೀರೀಸ್ ಆಗಿದ್ದರೆ ಮೂರೂ ಆನ್ ಮಾಡಿದಾಗ ಎಲ್ಲ ಕೂಡಿ 20ರ ಆಸುಪಾಸು ಬರಬೇಕಿತ್ತು. ಬಂದದ್ದು 2.3. ಪ್ಯಾರಲಲ್ ಅಂತ ಮೀಟರೇ ಹೇಳಿಬಿಟ್ಟಿತು. ಮಾಡಿದವರಿಗೆ ಫೋನ್ ಮಾಡಿದೆ. "ಸೌಂಡ್ ಕ್ಲೀನ್ ಇರಲಿ ಅಂತ ಹಾಗೆ ಮಾಡಿದೆ" ಅಂದರು. ನನಗೆ ಸಿಟ್ಟು ಬಂತು. ಮುಂಗಡ ಕೊಡುವಾಗ ನಾನು ಬಣ್ಣ, ಚುಕ್ಕೆ, ಸ್ವಿಚ್ಚಿನ ಜಾಗ ಎಲ್ಲ ಬರೆದುಕೊಟ್ಟಿದ್ದೆ. ಸೀರೀಸ್ ಅಂತ ಒಂದು ಪದ ಬರೆದಿರಲಿಲ್ಲ. ಅದು ಗೊತ್ತಿರುತ್ತದೆ ಅಂದುಕೊಂಡಿದ್ದೆ. ತಂದುಕೊಡಿ, ಸರಿ ಮಾಡ್ತೀನಿ ಅಂತಲೂ ಅವರು ಹೇಳಿದರು, ಅದನ್ನೂ ಹೇಳಬೇಕು. ಅಷ್ಟರಲ್ಲಿ ಮಳೆ ಹಿಡಿದಿತ್ತು. ಆ ಮಳೆಯಲ್ಲಿ ಚೋರ್ಲಾ ಇಳಿಯುವ ಮನಸ್ಸಾಗಲಿಲ್ಲ. ಎರಡು ಸಂಜೆ ಕೂತು ನಾನೇ ಬೆಸುಗೆ ಬಿಚ್ಚಿ ಹೊಸದಾಗಿ ವೈರಿಂಗ್ ಮಾಡಿದೆ. ಕವರ್ ತೆಗೆದದ್ದೇ ಆಯಿತು ಅಂತ ಪಿಕಪ್‌ಗಳ ಒಳಗೆ ಅರಾಲ್ಡೈಟ್ ಕೂಡ ತುಂಬಿದೆ. ಜೋರಾಗಿ ನುಡಿಸಿದಾಗ ಪಿಕಪ್ ಕೀರಲು ಕೂಗದಿರಲಿ ಅಂತ ಬ್ರಯಾನ್ ಮೇ ಮಾಡಿದ್ದೂ ಇದನ್ನೇ, ಅರಾಲ್ಡೈಟಿನಿಂದಲೇ. ನಮ್ಮ ಮನೆಯಲ್ಲಿ ಒಡೆದ ಬಕೆಟ್ಟಿಗೆ ಹಚ್ಚುತ್ತಿದ್ದದ್ದು.

ಮೂರೂ ಆನ್ ಮಾಡಿ ಒಂದು ಕಾರ್ಡ್ (ಹಲವು ಸ್ವರ ಒಟ್ಟಿಗೆ) ಬಾರಿಸಿದೆ. ಹಿತ್ತಲಿನಲ್ಲಿದ್ದ ಅವ್ವ ಒಳಗೆ ಬಂದು ನೋಡಿ ಹೋದಳು.

ಆಮೇಲೆ ಕಾಡಿದ್ದು ಟ್ರೆಮೊಲೊ. ಹಿಡಿಕೆ ಒತ್ತಿ ಬಿಟ್ಟರೆ ಶ್ರುತಿ ಒಂದಿಷ್ಟು ಕೆಳಗೇ ನಿಲ್ಲುತ್ತಿತ್ತು. ಎತ್ತಿ ಬಿಟ್ಟರೆ ಮೇಲೇ ನಿಲ್ಲುತ್ತಿತ್ತು. ಹೀಗೆ ಎರಡೂ ಕಡೆ ಆದರೆ ತಂತಿಯ ತಪ್ಪಲ್ಲ, ಎಲ್ಲೋ ತಿಕ್ಕಾಟ ಇದೆ ಎಂದರ್ಥ. ಮೊದಲು ನೆಕ್ಕಿನ ಮೇಲ್ತುದಿಯಲ್ಲಿ ತಂತಿ ಕೂರುವ ಜೀರೋ ಫ್ರೆಟ್ ಮೇಲೆ ಪೆನ್ಸಿಲ್ ಸೀಸ ಉಜ್ಜಿದೆ. ಬದಲಾಗಲಿಲ್ಲ. ಇನ್ನೊಂದು ತುದಿಯಲ್ಲಿ ತಂತಿ ಹೊರುವ ಬ್ರಿಡ್ಜ್‌ನ ರೋಲರ್‌ಗಳು ಸಲೀಸಾಗಿ ತಿರುಗುತ್ತಿದ್ದವು. ಉಳಿದದ್ದು ಒಂದೇ.

ಮೂಲದಲ್ಲಿ ಟ್ರೆಮೊಲೊ ತಟ್ಟೆ ಚಾಕುವಿನ ಅಲಗಿನಂಥ ಗಟ್ಟಿ ಸ್ಟೀಲಿನ ಅಂಚಿನ ಮೇಲೆ ತೂಗುತ್ತದೆ. ಒಂದು ಕಡೆ ತಂತಿ ಎಳೆಯುತ್ತದೆ, ಇನ್ನೊಂದು ಕಡೆ ಸ್ಪ್ರಿಂಗ್ ತಡೆಯುತ್ತದೆ. ಅಂಚು ಚೂಪಾಗಿದ್ದಷ್ಟು ತಿಕ್ಕಾಟ ಕಡಿಮೆ, ಬಿಟ್ಟ ಕೂಡಲೇ ಜಾಗಕ್ಕೆ ಬರುತ್ತದೆ. ನನ್ನದನ್ನು ಬಿಚ್ಚಿ ಭೂತಗನ್ನಡಿಯಲ್ಲಿ ನೋಡಿದೆ. ಅಂಚಿನ ಉದ್ದಕ್ಕೂ ಒಂದು ಹೊಳೆಯುವ ಪಟ್ಟಿ. ಸವೆದು ಚಪ್ಪಟೆಯಾಗಿತ್ತು. ಒಂದು ಮೂಲೆಯಲ್ಲಿ ಸಣ್ಣ ಅರ ಹಿಡಿದೆ. ಅರ ಕಚ್ಚಿತು. ಹದ ಹಾಕಿದ ಸ್ಟೀಲ್ ಆಗಿದ್ದರೆ ಅರ ಜಾರಬೇಕಿತ್ತು.

ಮೂರನೇ ರೈಲ್ವೆ ಗೇಟ್ ದಾಟಿ ಉದ್ಯಮಬಾಗಕ್ಕೆ ಹೋದೆ. ಬೆಳಗಾವಿಯ ಫೌಂಡ್ರಿ, ಮಷಿನ್ ಶಾಪ್‌ಗಳ ಬೀಡು ಅದು. ಮೂರು ಕಡೆ ಒಲ್ಲೆ ಅಂದರು. ಒಂದು ಪೀಸಿಗೆ ಯಾರು ಮಷಿನ್ ಸೆಟ್ ಮಾಡುತ್ತಾರೆ, ಸಾವಿರ ಪೀಸ್ ತನ್ನಿ ಅಂತ ಒಬ್ಬರು ನಕ್ಕರು. ನಾಲ್ಕನೆಯ ಶೆಡ್‌ನಲ್ಲಿ ಒಬ್ಬ ವಯಸ್ಸಾದ ಮಿಸ್ತ್ರಿ ಇದ್ದರು. ತುಂಡನ್ನು ಕೈಯಲ್ಲಿ ಹಿಡಿದು, ಬೆಳಕಿಗೆ ಒಡ್ಡಿ, "ಏನ್ರೀ ಇದು, ತಕ್ಕಡಿ ಕತ್ತಿ ಇದ್ದಂಗ ಐತಲ್ಲ" ಅಂದರು.

ನನಗೆ ಮೈ ಜುಂ ಅಂದಿತು. ಲ್ಯಾಬಿನಲ್ಲಿ ಎಷ್ಟೋ ವರ್ಷದಿಂದ ನಾನು ಒರೆಸಿಡುವ ತಕ್ಕಡಿ ನಿಂತಿರುವುದು ಅಂಥದ್ದೇ ಅಂಚಿನ ಮೇಲೆ. ನನಗೇ ಹೊಳೆದಿರಲಿಲ್ಲ. ಅವರು ಚಿಕ್ಕವರಿದ್ದಾಗ ತಕ್ಕಡಿ ರಿಪೇರಿ ಮಾಡುವವರ ಹತ್ತಿರ ಕೆಲಸ ಕಲಿತವರಂತೆ. ಗಿಟಾರ್ ಅಂದರೆ ಅವರಿಗೆ ಏನೂ ಗೊತ್ತಿಲ್ಲ, ಗೊತ್ತು ಮಾಡಿಕೊಳ್ಳುವ ಆಸೆಯೂ ಇರಲಿಲ್ಲ. ಕೇಳಿದ್ದು ಎರಡೇ ಪ್ರಶ್ನೆ. ಎಷ್ಟು ಭಾರ ಬೀಳತೈತಿ? ಎಷ್ಟು ಡಿಗ್ರಿ ತೂಗತೈತಿ? ಡೈ ಮಾಡಲು ತಂದಿದ್ದ ಓಎಚ್‌ಎನ್‌ಎಸ್ ಸ್ಟೀಲಿನ ಚೂರೊಂದು ಮೂಲೆಯಲ್ಲಿತ್ತು. ಅದನ್ನೇ ಕೊಯ್ದು, ಅಂಚು ಕೊಟ್ಟು, ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದರು. ಆಮೇಲೆ ಮತ್ತೆ ಮೆಲ್ಲಗೆ ಕಾಯಿಸಿ ಹದಕ್ಕೆ ತಂದರು. ಹಾಗೇ ಬಿಟ್ಟರೆ ಗಾಜಿನ ಹಾಗೆ ಚಿಟಕ್ ಅನ್ನುತ್ತದೆ ಅಂತ ವಿವರಿಸಿದರು. ಕೊನೆಗೆ ಎಣ್ಣೆಕಲ್ಲಿನ ಮೇಲೆ ಅರ್ಧ ಗಂಟೆ ಉಜ್ಜಿದರು. ಚೂಪು ಜಾಸ್ತಿ ಆದರೆ ಅಂಚು ಮುರಿಯುತ್ತದೆ, ಕಡಿಮೆ ಆದರೆ ತೂಗುವುದಿಲ್ಲ ಅನ್ನುತ್ತಾ, ಆಗಾಗ ಹೆಬ್ಬೆರಳಿನ ಉಗುರಿನ ಮೇಲೆ ಎಳೆದು ನೋಡುತ್ತಿದ್ದರು. 600 ರೂಪಾಯಿ ತೆಗೆದುಕೊಂಡರು. ನಾನು ಸಾವಿರ ಕೊಡಲು ಹೋದೆ, ಬೈದರು. ಮರುದಿನ ಒಂದು ಡಬ್ಬಿ ಕುಂದಾ ತಗೊಂಡು ಹೋದೆ. ಅದಕ್ಕೆ ಬೈಯಲಿಲ್ಲ.

ಈಗ ಹಿಡಿಕೆ ಪೂರ್ತಿ ಒತ್ತಿ, ತಂತಿಗಳು ಸಡಿಲಾಗಿ ಜೋತು ಬೀಳುವವರೆಗೆ ಒತ್ತಿ ಬಿಟ್ಟರೂ ಟ್ಯೂನರ್ ಮುಳ್ಳು ಅದೇ ಜಾಗಕ್ಕೆ ಬರುತ್ತದೆ.

ಇನ್ನೊಂದು ತಕರಾರು ಸಣ್ಣದು, ಆದರೆ ಹೇಳದೆ ಬಿಡಲಾರೆ. ಜುಲೈನಲ್ಲಿ ನಮ್ಮ ಮಳೆ ನಿಮಗೆ ಗೊತ್ತಲ್ಲ. ಬಟ್ಟೆ ವಾರವಾದರೂ ಒಣಗುವುದಿಲ್ಲ. ಅಂಥ ಹವೆಗೆ ಮರ ಉಬ್ಬಿತೋ ಏನೋ, ಮೂರನೇ ತಂತಿ ಜುಂಯ್ ಅನ್ನಲು ಶುರು ಮಾಡಿತು. ತಂಬೂರಿ ನುಡಿಸುವ ಗೆಳೆಯ ಕೇಳಿ ನಕ್ಕ. "ಇದು ಜವಾರಿ ಹಿಡಿದೈತಿ" ಅಂದ. ನಮ್ಮಲ್ಲಿ ಜವಾರಿ ಅಂದರೆ ನಾಟಿ ತಳಿ, ಜವಾರಿ ಕೋಳಿ, ಜವಾರಿ ಬದನೆ. ತಂಬೂರಿಯವರಿಗೆ ಜವಾರಿ ಅಂದರೆ ಆ ಜುಂಯ್ ದನಿ. ತಂಬೂರಿಯ ಕುದುರೆಯ, ಅಂದರೆ ತಂತಿ ಹೊರುವ ತುಂಡಿನ, ಮೈಯನ್ನು ಸ್ವಲ್ಪವೇ ಬಾಗುವಂತೆ ಉಜ್ಜಿ, ತಂತಿ ಅದನ್ನು ಸವರಿಕೊಂಡು ಹೋಗುವಂತೆ ಮಾಡುತ್ತಾರೆ. ನನ್ನ ಜೀರೋ ಫ್ರೆಟ್ಟಿನ ತಲೆ ಚಪ್ಪಟೆಯಾಗಿತ್ತು, ತಂತಿ ಅದರ ಮೇಲೆ ಮಲಗಿಬಿಟ್ಟಿತ್ತು. ಗೆಳೆಯ ತಂಬೂರಿ ರಿಪೇರಿಗೆ ಮಿರಜಕ್ಕೆ ಹೊರಟಿದ್ದ. ನಾನೂ ಗಿಟಾರ್ ಹೊತ್ತು ರೈಲು ಹತ್ತಿದೆ. ಸಿತಾರ್, ತಂಬೂರಿ ಮಾಡುವ ಓಣಿಯಲ್ಲಿ ಒಬ್ಬರು ಕೆಂಪು ಗಿಟಾರನ್ನು ತೊಡೆಯ ಮೇಲೆ ಇಟ್ಟುಕೊಂಡು, ಆ ಫ್ರೆಟ್ಟಿನ ತಲೆಯನ್ನು ಹತ್ತೇ ನಿಮಿಷದಲ್ಲಿ ದುಂಡಗೆ ಮಾಡಿದರು. ದಿನವೂ ಜವಾರಿ ಹುಟ್ಟಿಸುವ ಕೈ ಅವತ್ತು ಜವಾರಿ ತೆಗೆಯಿತು.

ಗೋವಾದವರ ಬಗ್ಗೆ ಈಗ ನನಗೆ ಸಿಟ್ಟಿಲ್ಲ. ಮರದ ಕೆಲಸ ಅವರದ್ದು ಅಪ್ಪಟ. ನೆಕ್ ಒಂದು ಮಳೆಗಾಲ, ಒಂದು ಬೇಸಿಗೆ ಕಳೆದರೂ ಬಾಗಿಲ್ಲ. ಇನ್ನೊಮ್ಮೆ ಮಾಡಿಸುವುದಾದರೆ ಬಣ್ಣದ ಮಾತನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ವೈರಿಂಗ್ ನಕ್ಷೆ ಮೊದಲೇ ಕೈಗಿಡುತ್ತೇನೆ, ಟ್ರೆಮೊಲೊ ಅಂಚಿಗೆ ಯಾವ ಸ್ಟೀಲ್, ಹದ ಹಾಕಿದ್ದೀರಾ ಅಂತ ಕೇಳುತ್ತೇನೆ. ಬಾಕಿ ದುಡ್ಡು ಕೊಡುವ ಮುಂಚೆ ಜೇಬಿನಿಂದ ಮಲ್ಟಿಮೀಟರ್ ತೆಗೆಯುತ್ತೇನೆ. ಮುಖ ಹುಳ್ಳಗೆ ಮಾಡಿದರೆ ಮಾಡಲಿ.

ಉಳಿದದ್ದು ಪಿಕ್, ತಂತಿ ಮೀಟುವ ಚೂರು. ಬ್ರಯಾನ್ ಮೇ ಪ್ಲಾಸ್ಟಿಕ್ ಪಿಕ್ ಬಿಟ್ಟು ಬ್ರಿಟನ್ನಿನ ಹಳೇ ಆರು ಪೆನ್ಸ್ ನಾಣ್ಯದಿಂದ ನುಡಿಸುತ್ತಾರೆ. ಅದರ ಹಲ್ಲುಹಲ್ಲಿನ ಅಂಚು ತಂತಿಗೆ ತಾಗಿದಾಗ ಒಂದು ಕರಕರ ಬರುತ್ತದೆ. ಅದನ್ನು ಎಲ್ಲಿಂದ ತರಿಸುವುದು ಅಂತ ಯೋಚಿಸುತ್ತಿದ್ದಾಗ ಅವ್ವನ ಡಬ್ಬಿ ನೆನಪಾಯಿತು. 2011ರಲ್ಲಿ 25 ಪೈಸೆ ಚಲಾವಣೆ ನಿಂತ ಮೇಲೂ ಅವಳು ನಾಕಾಣೆಗಳನ್ನು ಎಸೆದಿರಲಿಲ್ಲ. ಖಡ್ಗಮೃಗದ ಚಿತ್ರದ್ದು ಸ್ಟೀಲ್, ತಂತಿಯನ್ನು ತಿಂದುಹಾಕುತ್ತದೆ. ಅದಕ್ಕೂ ಹಳೆಯದು, ತಾಮ್ರ-ನಿಕ್ಕಲ್ಲಿನದು, ಮೆತ್ತಗೆ. ಅಗಲ 19 ಮಿಲಿಮೀಟರ್, ಆರು ಪೆನ್ಸಿಗೂ ಇದಕ್ಕೂ ಅರ್ಧ ಮಿಲಿಮೀಟರ್ ಕೂಡ ವ್ಯತ್ಯಾಸವಿಲ್ಲ. ಅಂಚಿಗೆ ಹಲ್ಲೂ ಇವೆ.

ಒಂದು ಕೊಡು ಅಂದೆ. "ಎಮ್ಮಿ ಹೋತು, ಈಗ ನಾಕಾಣೆಗೂ ಬಂತೇನು" ಅಂತ ಗೊಣಗುತ್ತಾ ಆರಿಸಿ ಕೊಟ್ಟಳು. ಆರು ತಿಂಗಳಲ್ಲಿ ಅದರ ಒಂದು ಬದಿ ನುಣ್ಣಗಾಗಿದೆ. ಡಬ್ಬಿಯಲ್ಲಿ ಇನ್ನೂ ಹನ್ನೊಂದು ಇವೆ.